ಯಾರಿಗೆ ಏನಂತಿ?

ಬೆಟಗೇರಿಯ ನೇಕಾರರ ಓಣಿಯ ತುದಿಗೆ, ಖಾಸಿಂಸಾಬರ ಮಗ್ಗದ ಶೆಡ್ಡಿನ ಬೆನ್ನಿಗೆ ಹತ್ತಿಕೊಂಡು ಒಂದು ಉದ್ದನೆಯ ಖೋಲಿ ಇತ್ತು. ಮೊದಲು ಅದರಲ್ಲಿ ನೂಲಿನ ಗಂಟುಗಳಿರುತ್ತಿದ್ದವು. ಎಪ್ಪತ್ತೊಂಬತ್ತರಲ್ಲಿ, ಎಲ್ಲೆಡೆ ಮಕ್ಕಳ ವರ್ಷವೆಂದು ಭಾಷಣಗಳಾಗುತ್ತಿದ್ದಾಗ, ಊರಿನ ನಾಲ್ಕು ಜನ ಸೇರಿ ಒಂದು ಮಂಡಳಿ ಕಟ್ಟಿ, ಆ ಖೋಲಿಗೆ ಸುಣ್ಣ ಹೊಡೆಸಿ, ಕೀಲಿಕೈಯನ್ನು ತುಳಸಾಬಾಯಿಗೆ ಕೊಟ್ಟರು. ಮನೆಯವರ ಕೈಯಲ್ಲಿ ಪೆಟ್ಟು ತಿಂದು ಮಾತು ಬಿಟ್ಟ ಮಕ್ಕಳನ್ನು ತಿರುಗಿ ಮಾತಿಗೆ ತರುವುದು ಅವಳ ಕೆಲಸ. ಧಾರವಾಡದಲ್ಲಿ ಮನಃಶಾಸ್ತ್ರದ ಎಂ.ಎ. ಮಾಡಿ, ಇಪ್ಪತ್ತು ವರ್ಷ ಹೈಸ್ಕೂಲಿನಲ್ಲಿ ಕಲಿಸಿದವಳು. ಮದುವೆಯಾಗಿರಲಿಲ್ಲ. ಆದರೆ ಲಕ್ಷ್ಮೇಶ್ವರದ ತುಂಬಿದ ಮನೆಯಲ್ಲಿ ಹುಟ್ಟಿ ಬೆಳೆದವಳಿಗೆ ಮಕ್ಕಳ ಗದ್ದಲ ಹೊಸದಲ್ಲ.

ಹತ್ತು ಹನ್ನೆರಡು ಮಕ್ಕಳು ಅಲ್ಲಿಯೇ ಇರುತ್ತಿದ್ದರು. ಅವರಿಗೆ ಬೇಯಿಸಿ ಹಾಕಲು ಮಾಳವ್ವ ಇದ್ದಳು. ಯಾರೂ ಹೇಳದಿದ್ದರೂ ಮಾಳವ್ವ ಶೆಡ್ಡಿನಿಂದ ಚಿಂದಿ ಆರಿಸಿ ತಂದು ಗೊಂಬೆ ಹೊಲಿದಳು. ಸೀರೆಯ ಗೊಂಬೆ, ಧೋತರದ ಗೊಂಬೆ, ಮೀಸೆ ಇದ್ದದ್ದು, ಬೊಚ್ಚು ಬಾಯಿಯದು, ಹೀಗೆ ಒಂದು ಬುಟ್ಟಿ ತುಂಬ. ತಮ್ಮ ಬಾಯಿಂದ ಹೇಳಲಾಗದ್ದನ್ನು ಮಕ್ಕಳು ಈ ಗೊಂಬೆಗಳ ಬಾಯಿಂದ ಹೇಳುತ್ತಿದ್ದರು. ತುಳಸಾಬಾಯಿ ಗೋಡೆಗೆ ಒರಗಿ ಕೂತು, ಅವರು ಅಂದದ್ದನ್ನು ಅಂದ ಹಾಗೆಯೇ ವಹಿಯಲ್ಲಿ ಬರೆದುಕೊಳ್ಳುತ್ತಿದ್ದಳು. ಅವಳದು ಒಂದೇ ನಿಯಮ: ಕೇಳಬಾರದು, ಕಾಯಬೇಕು. ಪೆಟ್ಟು ತಿಂದ ಕೂಸಿಗೆ ಪ್ರಶ್ನೆಯೂ ಒಂದು ಪೆಟ್ಟೇ ಎಂದು ಅವಳು ನಂಬಿದ್ದಳು. ನಿಯಮ ಒಳ್ಳೆಯದೇ ಇತ್ತು. ಮುಂದೆ ಎಷ್ಟೋ ದಿನ ಅವಳು ತನಗೆ ತಾನೇ ಇದನ್ನು ಹೇಳಿಕೊಂಡಳು, ನಿಯಮ ಒಳ್ಳೆಯದೇ ಇತ್ತು ಎಂದು. ಹೇಳಿಕೊಂಡದ್ದರಿಂದ ಏನೂ ಹಗುರಾಗಲಿಲ್ಲ.

ಎಂಬತ್ತೊಂದರ ದಸರೆ ಮುಗಿದ ವಾರ, ಶಿರಹಟ್ಟಿ ಕಡೆಯ ಒಂದು ಹಳ್ಳಿಯಿಂದ ಸಕ್ರಪ್ಪನೆಂಬ ರೈತ ಹತ್ತು ವರ್ಷದ ಹುಡುಗಿಯನ್ನು ಕರೆದುಕೊಂಡು ಬಂದ. ಅವನು ಒಂದು ಕಾಲು ಎಳೆದು ನಡೆಯುತ್ತಿದ್ದ. ಹುಡುಗಿ ಅವನ ಅಂಗಿಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಅದೇ ಲಯದಲ್ಲಿ ಹೆಜ್ಜೆ ಹಾಕುತ್ತಿದ್ದಳು.

"ಇಕಿ ಹೆಸರು ಫಕ್ಕೀರವ್ವರಿ. ನಮ್ಮಣ್ಣನ ಮಗಳು. ತಾಯಿ ತೀರಿಕೊಂಡು ಎರಡು ವರ್ಷ ಆತು," ಎಂದ.

"ಏನಾಗೇದಪಾ ಕೂಸಿಗೆ?"

ಸಕ್ರಪ್ಪ ನೆಲ ನೋಡಿದ. "ಮನ್ಯಾಗ ಹೊಡಿತಾರ್ರಿ."

"ಯಾರು?"

"ಮನ್ಯಾಗ್ರಿ," ಎಂದು ಅದನ್ನೇ ಮತ್ತೊಮ್ಮೆ ಅಂದ. ಹೆಗಲ ಮೇಲಿನ ಟಾವೆಲ್ಲಿನಿಂದ ಮುಖ ಒರೆಸಿಕೊಂಡ.

ತುಳಸಾಬಾಯಿ ಒತ್ತಾಯ ಮಾಡಲಿಲ್ಲ. ಹೇಳಬೇಕಾದವಳು ಹುಡುಗಿ, ಅವಳೇ ಹೇಳಲಿ ಎಂದುಕೊಂಡಳು. ಮೊದಲ ಮೂರು ತಿಂಗಳು ಮನೆಯವರು ಯಾರೂ ಬರಕೂಡದೆಂಬ ಕಟ್ಟಳೆ ಇತ್ತು. ಅದನ್ನು ತಿಳಿಸಿದಾಗ ಸಕ್ರಪ್ಪ ತಲೆಯಾಡಿಸಿ, ಹುಡುಗಿಯ ಮುಷ್ಟಿಯನ್ನು ಒಂದೊಂದೇ ಬೆರಳು ಬಿಡಿಸಿ ಹೋದ.

ಅಂದು ಸಂಜೆ ಹುಡುಗಿಯ ಮೈ ತೊಳೆದ ಮಾಳವ್ವ ಹೊರಗೆ ಬಂದು ಕಟ್ಟೆಯ ಮೇಲೆ ಕೂತುಬಿಟ್ಟಳು. "ಬಾರಕೋಲಿನ ಬಾಸುಂಡಿ ರೀ ಅಕ್ಕಾರ, ಬೆನ್ನತುಂಬ. ಎತ್ತಿಗೂ ಯಾರೂ ಹಿಂಗ ಹೊಡ್ಯೂದಿಲ್ಲ."

ಫಕ್ಕೀರವ್ವ ಮಾತಾಡುತ್ತಿರಲಿಲ್ಲ. ಗೋಡೆಯಾಚೆ ಮಗ್ಗಗಳು ಲಟಕ್ ಲಟಕ್ ಎನ್ನತೊಡಗಿದರೆ ತಲೆಯ ಮೇಲೆ ಕೈಯಿಟ್ಟು ಮೂಲೆಗೆ ಸರಿಯುತ್ತಿದ್ದಳು. ಇದು ಹೇಗೋ ಖಾಸಿಂಸಾಬರ ಕಿವಿಗೆ ಬಿತ್ತು. ಮುಂದಿನ ಬುಧವಾರದಿಂದ, ಹುಡುಗಿ ಗೊಂಬೆಗಳ ಮುಂದೆ ಕೂರುವ ಹೊತ್ತಿಗೆ ಸರಿಯಾಗಿ, ಎಲ್ಲ ಮಗ್ಗಗಳೂ ನಿಂತವು. ತುಳಸಾಬಾಯಿ ಉಪಕಾರ ನೆನೆಯಲು ಹೋದರೆ ಅವರು ಗಡ್ಡ ತುರಿಸಿಕೊಂಡು, "ಏ, ಅದಕ್ಕಲ್ರಿ ಅಕ್ಕಾರ. ನಮ್ಮ ಮಂದಿ ಚಾ ಕುಡಿಬ್ಯಾಡೇನು?" ಎಂದರು.

"ಒಂದು ತಾಸು ಚಹಾ ಕುಡೀತಾರೇನ್ರಿ?"

"ಬಿಸಿ ಇರತೈತಿರಿ," ಎಂದರು ಖಾಸಿಂಸಾಬರು.

ಆ ಸದ್ದಿಲ್ಲದ ತಾಸಿನಲ್ಲಿಯೇ, ಎರಡನೆಯ ತಿಂಗಳು, ಫಕ್ಕೀರವ್ವ ಮೀಸೆಯ ಗೊಂಬೆಯನ್ನು ಎತ್ತಿಕೊಂಡಳು. ಅದನ್ನು ನೆಲದ ಮೇಲೆ ಬೋರಲು ಹಾಕಿ, ಮೇಲೆ ಬುಟ್ಟಿ ಮುಚ್ಚಿ, ಬುಟ್ಟಿಯ ಮೇಲೆ ತಾನೇ ಹತ್ತಿ ಕೂತಳು. ತುಳಸಾಬಾಯಿ ಕಾಯ್ದಳು. ಬಹಳ ಹೊತ್ತಾದ ಮೇಲೆ ಹುಡುಗಿ ಮೆಲ್ಲಗೆ ಅಂದಳು:

"ಕಾಕಾ. ಹೊರಗ ಬಂದ್ರ ಹೊಡಿತಾನ."

ತುಳಸಾಬಾಯಿ ಅಂದ ಹಾಗೆಯೇ ಬರೆದುಕೊಂಡಳು. ಎರಡು ತಿಂಗಳ ಮೌನದ ಮೇಲೆ ಬಂದ ಮೊದಲ ಮಾತು. ಅದಾದ ಮೇಲೆ ಸೆಲೆ ಒಡೆದಂತೆ ಮಾತು ಬಂದವು. ಕಾಕಾ ಬಾರಕೋಲು ಜಂತಿಗೆ ಸಿಗಿಸಿ ಇಡುತ್ತಾನೆ. ಕಾಕಾ ಹೊಲದಿಂದ ಬಂದಾಗ ರೊಟ್ಟಿ ಬಿಸಿ ಇರಬೇಕು. ಒಮ್ಮೆ ಹೇಳಿದಳು, "ಸಣ್ಣಪ್ಪ ಪ್ಯಾರಲಹಣ್ಣು ತರ್ತಾನ," ಎಂದು, ಬೊಚ್ಚು ಬಾಯಿಯ ಗೊಂಬೆಯ ಕೈಗೆ ಒಂದು ಹುಣಸೆ ಬೀಜ ಕೊಟ್ಟು. ತುಳಸಾಬಾಯಿ ಅದನ್ನೂ ಬರೆದುಕೊಂಡಳು, ಮುಂದೆ ಕಂಸದಲ್ಲಿ 'ನೆರೆಮನೆಯವನಿರಬೇಕು' ಎಂದು ಸೇರಿಸಿದಳು. ಆ ಸೀಮೆಯಲ್ಲಿ ಹಳ್ಳಿಗೆ ನಾಲ್ಕು ಜನ ಸಣ್ಣಪ್ಪಗಳಿರುತ್ತಾರೆ. ಗೊಂಬೆಗಳ ಮನೆಯಲ್ಲಿ ಅಪ್ಪ ಮಾತ್ರ ಎಂದೂ ಬರಲಿಲ್ಲ. ಹೆಂಡತಿ ಸತ್ತ ದುಃಖದಲ್ಲಿ ಅವನು ಹೊಲದಲ್ಲೇ ಇರುತ್ತಿರಬೇಕು, ಪಾಪ, ಎಂದುಕೊಂಡಳು. ಹುಡುಗಿ ಬಂದ ದಿನ ಸಕ್ರಪ್ಪನ ಅಂಗಿ ಹಿಡಿದದ್ದು ನೆನಪಾದಾಗ ಒಂದು ಕ್ಷಣ ತಡೆದಳು. ಆದರೆ ಅಂಜಿದ ಮಗು ಅಂಜಿಸಿದವನನ್ನೇ ಅಪ್ಪಿಕೊಳ್ಳುವುದುಂಟು ಎಂದು ಪುಸ್ತಕದಲ್ಲಿ ಓದಿದ್ದಳು. ಓದಿದ್ದು ಆ ಕ್ಷಣವನ್ನು ದಾಟಿಸಿಬಿಟ್ಟಿತು.

ವಹಿಯಲ್ಲಿ ಇದ್ದ ಮಾತು ಕಾಕಾ. ಮಂಡಳಿಗೆ ಕೊಡುವ ವರದಿ ಮಾತ್ರ ಶುದ್ಧ ಬರಹದಲ್ಲಿರಬೇಕು. ತುಳಸಾಬಾಯಿ ಬರೆದಳು: 'ಬಾಲಕಿಯು ತನ್ನ ಚಿಕ್ಕಪ್ಪನಿಂದ ಹಿಂಸೆಗೊಳಗಾಗಿರುವುದು ಸ್ಪಷ್ಟವಾಗಿದೆ.'

ಮಂಡಳಿಯ ಅಧ್ಯಕ್ಷರಾದ ದತ್ತಾತ್ರಿ ವಕೀಲರು ಓದಿ ಕನ್ನಡಕ ತೆಗೆದರು. "ಏನ್ ಛಂದ ಬರೀತೀರಿ ಬಾಯಾರ. ಒಂದು ಕಾಗುಣಿತ ತಪ್ಪಿಲ್ಲ ನೋಡ್ರಿ." ತುಳಸಾಬಾಯಿಗೆ ಸಂತೋಷವಾಯಿತು. ಆ ಸಂತೋಷವನ್ನು ಅವಳು ಮುಂದೆ ಎಂದೂ ಮರೆಯಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಅಣ್ಣತಮ್ಮಂದಿರಿಬ್ಬರನ್ನೂ ಕರೆಸಿದರು. ಅಣ್ಣ ಪುಂಡಲೀಕಪ್ಪ ಬಿಳಿ ಪಟಗ ಸುತ್ತಿ ಬಂದಿದ್ದ. ತಾಯಿಯಿಲ್ಲದ ಮಗಳೆಂದು ಹೇಳುತ್ತ ಕಣ್ಣೀರು ಹಾಕಿದ. ವರದಿ ಓದಿದಾಗ ಸಕ್ರಪ್ಪ ಎದ್ದು ನಿಂತ.

"ನಾನಾ? ಆಕಿನ್ನ ಇಲ್ಲಿಗೆ ಕರ್ಕೊಂಡ ಬಂದಾಂವ ನಾನರಿ!"

"ಹಂಗಾರ ಮತ್ಯಾರಪಾ ಹೊಡದವರು? ಹೇಳು," ಎಂದರು ವಕೀಲರು.

ಸಕ್ರಪ್ಪ ಅಣ್ಣನ ಕಡೆ ನೋಡಿದ. ತಂದೆ ಸತ್ತ ಮೇಲೆ ತಂದೆಯ ಜಾಗದಲ್ಲಿ ನಿಂತವನು, ಹಬ್ಬಕ್ಕೆ ಕಾಲು ಮುಟ್ಟಿಸಿಕೊಳ್ಳುವವನು. ಅವನ ಹೆಸರನ್ನು ಸಕ್ರಪ್ಪ ಹುಟ್ಟಿದಾರಭ್ಯ ಬಾಯಲ್ಲಿ ಆಡಿದವನಲ್ಲ. ಅಂದೂ ಆಡಲಿಲ್ಲ. ಕೂತ. ಕೂತದ್ದನ್ನು ಎಲ್ಲರೂ ಒಪ್ಪಿಗೆಯೆಂದು ತಿಳಿದರು. ಆ ಮನೆಯ ಹೊಸ್ತಿಲು ತುಳಿಯುವುದಿಲ್ಲವೆಂಬ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ, ಕಾಲೆಳೆಯುತ್ತ ಹೊರಟುಹೋದ.

"ಅಪ್ಪನ ಜೋಡಿ ಊರಿಗೆ ಹೋಗ್ತೀಯೇನವಾ?" ಎಂದು ವಕೀಲರು ಪ್ರೀತಿಯಿಂದಲೇ ಕೇಳಿದರು. ಫಕ್ಕೀರವ್ವ ಕಾಲ ಹೆಬ್ಬೆರಳಿನಿಂದ ನೆಲ ಕೆರೆಯುತ್ತಿದ್ದಳು.

ಹೊರಡುವಾಗ ಅವಳು ಪುಂಡಲೀಕಪ್ಪನ ಹಿಂದಿನಿಂದ ಬಿಡಿಸಿಕೊಂಡು ತುಳಸಾಬಾಯಿಯ ಹತ್ತಿರ ಬಂದಳು. ಮುಖ ಎತ್ತಿ ನೋಡಿ, "ಅಕ್ಕಾರ, ನಾ ನಿಮಗ ಹೇಳೀನ್ರಿ," ಎಂದಳು.

ನಮ್ಮಲ್ಲಿ ಯಾರೂ ಸುಮ್ಮನೆ ಎದ್ದು ಹೋಗುವುದಿಲ್ಲ, ಹೇಳಿ ಹೋಗುತ್ತಾರೆ. ತುಳಸಾಬಾಯಿ ಅವಳ ಗಲ್ಲ ಸವರಿ, "ಹೂಂನವಾ, ಹೇಳಿ ಹೋಗಬೇಕು. ಜಾಣಿ," ಎಂದಳು.

ಹುಡುಗಿ ಇನ್ನೂ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಹೋದಳು.

ಶ್ರಾವಣದಲ್ಲಿ ಲಕ್ಷ್ಮೇಶ್ವರದ ಮನೆಯಲ್ಲಿ ತೊಟ್ಟಿಲ ಕಾರ್ಯವಾಯಿತು. ತುಳಸಾಬಾಯಿಯ ಅಣ್ಣ ನರಸಿಂಹನ ಮಗ ಮಾರ್ತಾಂಡನಿಗೆ ಎರಡನೆಯ ಕೂಸು. ಊಟ ಮುಗಿದು ಹೆಂಗಸರು ಎಲೆಯಡಿಕೆ ಹಾಕಿಕೊಂಡು ಕೂತಿದ್ದಾಗ, ಮಾರ್ತಾಂಡನ ಹಿರಿಯ ಮಗಳು, ನಾಲ್ಕು ವರ್ಷದವಳು, "ಕಾಕಾ, ಕಾಕಾ, ನನ್ನ ಎತ್ಕೋ," ಎಂದು ಅವನ ಧೋತರ ಜಗ್ಗಿದಳು.

ಬೀಗರ ಕಡೆಯವರೊಬ್ಬರು ನಕ್ಕರು. "ಅಲ್ಲಽ, ಅಪ್ಪಗ ಕಾಕಾ ಅಂತದಲ್ಲ ಕೂಸು!"

ನರಸಿಂಹನೂ ನಕ್ಕ. "ದೊಡ್ಡಪ್ಪನ ಮಕ್ಕಳು ಅಂದದ್ದು ಕೇಳಿ ಇದೂ ಅಂತದ. ನಾನು, ತುಳಸಾ, ನಮ್ಮಪ್ಪಗ ಸಾಯೂತನಕ ಅಣ್ಣಾ ಅಂತಿದ್ವಿ. ಏನು ತುಳಸಾ?"

"ಹೂಂ," ಎಂದಳು ತುಳಸಾಬಾಯಿ ನಗುತ್ತ. "ನಮ್ಮ ಮನಿ ರೀತಿಯೇ ವಿಚಿತ್ರ."

ಹಾಲು ಹಾಕಲು ಬರುವ ಅಮೃತವ್ವ ಬಾಗಿಲಲ್ಲಿ ಕೂತು ಹೋಳಿಗೆ ತಿನ್ನುತ್ತಿದ್ದಳು. ಕೈ ಬೀಸಿ, "ಏ, ನಿಮ್ಮನ್ಯಾಗ ಅಷ್ಟ ಏನ್ರಿ ಬಾಯಾರ? ನಾವು ಒಕ್ಕಲಗ್ಯಾರು ಕೂಡಿ ಇರೂದಿಲ್ಲೇನು? ನನ್ನ ಮಕ್ಕಳು ಅವರಪ್ಪಗ ಕಾಕಾ ಅಂತಾವ. ಖರೆ ಕಾಕಾಗ ಸಣ್ಣಪ್ಪ ಅಂತಾವ. ಹೆಸರು ಬ್ಯಾರೆ ಬೇಕಲ್ರಿ ಮತ್ತ, ಇಬ್ಬರೂ ಓ ಅಂದ್ರ?" ಎಂದಳು.

ಎಲ್ಲರೂ ನಕ್ಕರು. ತುಳಸಾಬಾಯಿ ಅಡಕೊತ್ತು ಕೆಳಗಿಟ್ಟು ಎದ್ದಳು.

ಅಣ್ಣ ಎಂದು ಕರೆದು ಕರೆದೇ ತಂದೆಯನ್ನು ಕೊನೆಯ ದಾರಿಗೆ ಕಳಿಸಿಕೊಟ್ಟವಳು ಅವಳು. ಕಾಕಾ ಅಂದರೆ ಯಾರು ಎಂಬ ಒಂದು ಪ್ರಶ್ನೆ ಲೋಕದಲ್ಲಿ ಯಾರಿಗಾದರೂ ಹೊಳೆಯಬೇಕಿದ್ದರೆ ಅವಳಿಗೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ ಏಕೆಂದರೆ, ಹಳ್ಳಿಯ ರೈತರ ಮನೆಯ ಮಾತು ನೇರ ಇರುತ್ತದೆ, ಇಂಥ ಸುತ್ತುಬಳಸು ನಮ್ಮಂಥ ಮನೆಗಳದು ಮಾತ್ರ ಎಂದು ಎಲ್ಲೋ ಒಳಗೆ ಅಂದುಕೊಂಡಿದ್ದಳು. ನಾ ನಿಮಗ ಹೇಳೀನ್ರಿ. ಹುಡುಗಿ ಹೇಳಿ ಹೋಗುತ್ತಿರಲಿಲ್ಲ. ಹೇಳಿದ್ದನ್ನು ನೆನಪಿಸುತ್ತಿದ್ದಳು.

ಯಾರು ಎಷ್ಟು ಕರೆದರೂ ನಿಲ್ಲದೆ ಅವಳು ಅದೇ ಮಧ್ಯಾಹ್ನ ಶಿರಹಟ್ಟಿಯ ಬಸ್ಸು ಹಿಡಿದಳು. ಅಲ್ಲಿಂದ ಮೂರು ಮೈಲಿ ಎರೆಮಣ್ಣಿನ ಕೆಸರು. ಚಪ್ಪಲಿ ಕೈಯಲ್ಲಿ ಹಿಡಿದು ನಡೆದಳು.

ಪುಂಡಲೀಕಪ್ಪ ಕಟ್ಟೆಯ ಮೇಲಿದ್ದ. "ಬರ್ರಿ ಬರ್ರಿ ಅಕ್ಕಾರ, ಕುಂಡ್ರಿ. ಏ ಕಳಕವ್ವ, ನೀರು ತಾ," ಎಂದ. ಕಳಕವ್ವ ಅವನ ಸತ್ತ ಹಿರಿಯಣ್ಣನ ಹೆಂಡತಿ. ಅವಳ ದೊಡ್ಡ ಹುಡುಗರು ಆಗಷ್ಟೇ ಹೊಲದಿಂದ ಬಂದು, "ಕಾಕಾ, ಕೂರಿಗಿ ಎಲ್ಲೈತಿ?" ಎಂದು ಪುಂಡಲೀಕಪ್ಪನನ್ನು ಕೇಳಿದರು. ಅಷ್ಟು ಸುಲಭವಾಗಿತ್ತು. ಒಮ್ಮೆ ಬಂದು ಅರ್ಧ ತಾಸು ಈ ಕಟ್ಟೆಯ ಮೇಲೆ ಕೂತಿದ್ದರೆ ಸಾಕಾಗಿತ್ತು.

ಫಕ್ಕೀರವ್ವ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಎಡಗೈಯಿಂದ ತಿಕ್ಕುತ್ತಿದ್ದಳು, ಬಲ ಮುಂಗೈ ಮುರಿದು ಡೊಂಕಾಗಿ ಕೂಡಿಕೊಂಡಿತ್ತು. ತುಳಸಾಬಾಯಿ ಕೆಸರುಗಾಲಿನಲ್ಲೇ ಅವಳ ಮುಂದೆ ಕುಕ್ಕುರು ಕೂತಳು. ತನ್ನ ನಿಯಮ ಮುರಿದು ಕೇಳಿದಳು:

"ಕಾಕಾ ಅಂದ್ರ ನಿಮ್ಮಪ್ಪೇನವಾ?"

ಹುಡುಗಿ ತಲೆ ಎತ್ತಲಿಲ್ಲ. "ಮತ್ಯಾರ್ರಿ?" ಎಂದಳು. ಬೂದಿ ತೆಗೆದುಕೊಂಡು ಇನ್ನೊಂದು ತಂಬಿಗೆ ಹಿಡಿದಳು.

ತುಳಸಾಬಾಯಿ ಜನ್ಮದಲ್ಲಿ ಚೊಕ್ಕವಾಗಿ ಸುಳ್ಳು ಹೇಳಿದವಳಲ್ಲ. ಅಂದು ಹೇಳಿದಳು. ಕಟ್ಟೆಗೆ ಬಂದು, ವರ್ಷದ ತಪಾಸಣೆ ಇದೆ, ಡಾಕ್ಟರು ಬರುತ್ತಾರೆ, ಎರಡು ದಿನಕ್ಕೆ ಹುಡುಗಿಯನ್ನು ಕಳಿಸಬೇಕು ಎಂದಳು. ಪುಂಡಲೀಕಪ್ಪ ಮೀಸೆ ತೀಡಿದ. "ಎರಡು ದಿನರಿ? ಮನ್ಯಾಗ ಕೆಲಸ ಐತಿ."

"ಕಳಸಪಾ ಮೈದುನ," ಎಂದಳು ಕಳಕವ್ವ ಒಳಗಿನಿಂದಲೇ. "ಎರಡು ದಿನ ಪಾತ್ರಿ ನಾ ತಿಕ್ಕತೀನಿ. ಮಂಡಳ್ಯಾವರ ಜೋಡಿ ಯಾಕ ಬೇಕು?"

ಅವಳು ಒಂದು ಗಂಟು ಕಟ್ಟಿ ತಂದು ತುಳಸಾಬಾಯಿಯ ಕೈಗೆ ಕೊಟ್ಟಳು. ಗಂಟು ಭಾರವಾಗಿತ್ತು. ಊರು ದಾಟಿದ ಮೇಲೆ ಬೇವಿನ ಮರದ ಕೆಳಗೆ ಬಿಚ್ಚಿ ನೋಡಿದರೆ, ನಾಲ್ಕು ರೊಟ್ಟಿ, ಹಿಂಡಿಪಲ್ಯ, ಮತ್ತು ಆ ಹುಡುಗಿಗೆ ಲೋಕದಲ್ಲಿ ಇದ್ದ ಎಲ್ಲ ಲಂಗಗಳು. ಸತ್ತ ತಾಯಿಯ ಒಂದು ಕುಬಸವನ್ನೂ ಮಡಚಿ ಇಟ್ಟಿದ್ದಳು. ಎರಡು ದಿನಕ್ಕಲ್ಲವೆಂದು ಕಳಕವ್ವನಿಗೆ ಗೊತ್ತಿತ್ತು.

ಮೂರನೆಯ ದಿನ ಪುಂಡಲೀಕಪ್ಪ ಬೆಟಗೇರಿಗೆ ಬಂದು ಬಾಗಿಲಲ್ಲಿ ಕೂಗಾಡಿದ. ಮಾಳವ್ವ ಹಿಟ್ಟಿನ ಕೈಯಲ್ಲೇ ಅಡ್ಡ ನಿಂತಳು. "ಒಳಗ ಕಾಲಿಡು ನೋಡೂಣು. ನಾದಿ ರೊಟ್ಟಿ ಬಡದಂಗ ಬಡೀತೀನಿ." ಅವಳ ಹಿಂದೆ ಖಾಸಿಂಸಾಬರ ನೇಕಾರರು ಆರು ಜನ, ಚಹಾದ ಹೊತ್ತಲ್ಲದಿದ್ದರೂ, ಕಪ್ಪು ಹಿಡಿದು ನಿಂತಿದ್ದರು. ಅವನು ತಿರುಗಿ ಹೋದ.

ಮಂಡಳಿಯ ಮುಂದೆ ತುಳಸಾಬಾಯಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ದತ್ತಾತ್ರಿ ವಕೀಲರು, "ಹೊಸಾ ಸಂಗತಿ ಬೆಳಕಿಗೆ ಬಂದದ ಅಂತ ಬರೀರಿ, ಸಾಕು. ಹುಡುಗಿ ಇಲ್ಲೇ ಇರ್ಲಿ," ಎಂದರು. ಅವಳ ಮುಖ ಉಳಿಸಲೆಂದೇ ಅಂದದ್ದು.

"ಹೊಸಾದಲ್ರಿ. ಕೂಸು ಮೊದಲೇ ಹೇಳಿತ್ತು. ನಾ ತಪ್ಪು ಬರದೆ," ಎಂದಳು. ಹಾಗೆಯೇ ಬರೆದಳು. ಈ ಸಲ ಕಾಕಾ ಎನ್ನುವುದನ್ನು ಕಾಕಾ ಎಂದೇ ಬರೆದು, ಯಾರು ಎಂದು ಮುಂದೆ ಹೆಸರು ಹಾಕಿದಳು. ಸಕ್ರಪ್ಪನ ಹೆಬ್ಬೆಟ್ಟಿನ ಕಾಗದವನ್ನು ಕೇಳಿ ತೆಗೆದುಕೊಂಡಳು.

ಅವನು ಮುಂಡರಗಿಯಲ್ಲಿ ಕಾಳುಕಡಿ ಮಾರುವ ಒಂದು ಅಡತಿ ಅಂಗಡಿಯಲ್ಲಿ ಚೀಲ ಹೊಲಿಯುತ್ತಿದ್ದಾನೆಂದು ಕಳಕವ್ವನ ಮಗನಿಂದ ತಿಳಿದಿತ್ತು. ತುಳಸಾಬಾಯಿ ಒಬ್ಬಳೇ ಹೋದಳು. ಅವನು ಅವಳನ್ನು ಕಂಡು ಎದ್ದು ನಿಂತ. ಬೈಯಲಿಲ್ಲ. ಒಂದು ಶೇಂಗಾ ಚೀಲವನ್ನು ಟಾವೆಲ್ಲಿನಿಂದ ಝಾಡಿಸಿ, "ಕುಂಡ್ರಿ ಅಕ್ಕಾರ," ಎಂದ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ.

ಕಾಗದವನ್ನು ಅವನ ಮುಂದೆ ಹರಿದು, ನಡೆದದ್ದನ್ನೆಲ್ಲ ಹೇಳಿದಳು. ಮುಂಗೈಯ ಮಾತು ಬಂದಾಗ ಅವನು ದಬ್ಬಣವನ್ನು ಚೀಲಕ್ಕೆ ಚುಚ್ಚಿ ಅಲ್ಲೇ ಬಿಟ್ಟ.

"ನಮ್ಮಣ್ಣನ ಹೆಸರು ನನ್ನ ಬಾಯಾಗ ಹೊರಡಲಿಲ್ಲರಿ," ಎಂದ ಕೊನೆಗೆ. "ಅದು ನನ್ನ ತಪ್ಪು. ನಾ ಹೊತ್ಕೋತೀನಿ. ಆದ್ರ ನೀವು ಓದಿದಾವ್ರು. ಬರಿಯೂಕಿಂತ ಮದಲ ಒಂದು ಮಾತು ಕೇಳಬೇಕಿತ್ತಲ್ರಿ."

"ಕೇಳಬೇಕಿತ್ತು," ಎಂದಳು ತುಳಸಾಬಾಯಿ.

ಕ್ಷಮಿಸು ಎಂದು ಕೇಳಲು ಬಂದವಳು ಅದನ್ನು ಕೇಳದೆ ಎದ್ದಳು. ಕೇಳಿದ್ದರೆ ಅವನು ಕೊಟ್ಟುಬಿಡುತ್ತಿದ್ದ. ಅಂಥವನಿಂದ ಹಾಗೆ ಇಸಿದುಕೊಳ್ಳಬಾರದು ಎನಿಸಿತು.

ಮುಂದಿನ ಶನಿವಾರ ಸಕ್ರಪ್ಪ ಬಂದ, ಟಾವೆಲ್ಲಿನಲ್ಲಿ ಪ್ಯಾರಲಹಣ್ಣು ಕಟ್ಟಿಕೊಂಡು. "ಸಣ್ಣಪ್ಪಾ," ಎಂದು ಫಕ್ಕೀರವ್ವ ಕೂಗಿದ ಕೂಗಿಗೆ ಮಾಳವ್ವ ಒಲೆ ಬಿಟ್ಟು ಹೊರಗೆ ಬಂದಳು. ಹುಡುಗಿ ಹೋಗಿ ಅವನ ಅಂಗಿಯ ತುದಿ ಹಿಡಿದಳು, ಮೊದಲಿನ ಹಾಗೆಯೇ, ಆದರೆ ಎಡಗೈಯಲ್ಲಿ.

ಅಂದಿನಿಂದ ತುಳಸಾಬಾಯಿ ಪ್ರತಿ ಮಗುವಿನ ವಹಿಯ ಮೊದಲ ಹಾಳೆಗೆ ಒಂದು ತಲೆಬರಹ ಹಾಕತೊಡಗಿದಳು: ಯಾರಿಗೆ ಏನಂತಿ? ಎಲ್ಲಕ್ಕಿಂತ ಮೊದಲು ಫಕ್ಕೀರವ್ವನ ಹಾಳೆಯನ್ನೇ ಬರೆಯಲು ಕೂತಳು. ಹುಡುಗಿ ಹಣ್ಣು ತಿನ್ನುತ್ತ ಒಂದೊಂದೇ ಹೇಳಿದಳು. ಪುಂಡಲೀಕಪ್ಪಗ ಕಾಕಾ. ಸಕ್ರಪ್ಪಗ ಸಣ್ಣಪ್ಪ. ಕಳಕವ್ವಗ ದೊಡ್ಡವ್ವ. ಮಾಳವ್ವಗ ಮಾಳವ್ವಾಯಿ. ಖಾಸಿಂಸಾಬಗ ಚಾದಜ್ಜ. ಅದನ್ನು ಹೇಳುವಾಗ ಸ್ವಲ್ಪ ನಕ್ಕಳು.

"ಮತ್ತ ನನಗ?" ಎಂದು ತುಳಸಾಬಾಯಿ ಕೇಳಿದಳು.

ಹುಡುಗಿ ನಗು ನಿಲ್ಲಿಸಿ ಯೋಚಿಸಿದಳು. ತಿರುಗಿ ಬಂದ ಮೇಲೆ ಅವಳು ಒಮ್ಮೆಯೂ ಅಕ್ಕಾರ ಎಂದಿರಲಿಲ್ಲ. ಬೇಕಾದದ್ದನ್ನು ಹತ್ತಿರ ಬಂದು ನಿಂತು ಕೇಳುತ್ತಿದ್ದಳು, ಅಷ್ಟೆ.

"ನಿಮಗ ಇನ್ನೂ ಏನೂ ಅನ್ನೂದಿಲ್ರಿ," ಎಂದಳು. ಸಿಟ್ಟಿನಿಂದಲ್ಲ. ಇದ್ದದ್ದನ್ನು ಹೇಳಿದಳು. ಆಮೇಲೆ, ಏನನಿಸಿತೋ, ಅರ್ಧ ತಿಂದ ಹಣ್ಣನ್ನು ಬಿಟ್ಟು, ಟಾವೆಲ್ಲಿನಿಂದ ಇಡಿಯ ಹಣ್ಣೊಂದನ್ನು ತೆಗೆದು ವಹಿಯ ಪಕ್ಕಕ್ಕೆ ಇಟ್ಟು, ಸಣ್ಣಪ್ಪನ ಕಡೆ ಹೋದಳು.

ತುಳಸಾಬಾಯಿ ತನ್ನ ಹೆಸರು ಬರೆದಳು. ಅದರ ಮುಂದೆ ತಾನಾಗಿ ಏನನ್ನೂ ತುಂಬಲಿಲ್ಲ. ಪೆನ್ನಿನ ಟೊಪ್ಪಿಗೆ ಮುಚ್ಚಿ, ಅಷ್ಟು ಜಾಗ ಖಾಲಿ ಬಿಟ್ಟಳು.